ಗಂಟೆ ಹೊಡೆದರೂ ಮುಗಿಯದ ಗೇಲಿ

2022ರ ಅಕ್ಟೋಬರ್ ತಿಂಗಳು. ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಸೋಮವಾರ. ಹತ್ತನೇ ತರಗತಿಗೆ ಬೆಳಕಿನ ವಕ್ರೀಭವನದ ಪಾಠ ಮುಗಿಸಿ, ಕೈಗೆ ಹತ್ತಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತ ಸ್ಟಾಫ್ ರೂಮಿಗೆ ಬಂದೆ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಬ್ಬರು ನಿಂತಿದ್ದರು. ನಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಅವರ ಮಗಳು ನಮ್ಮಲ್ಲೇ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು.

"ಮೇಷ್ಟ್ರೇ, ಮಗಳ ಟಿ.ಸಿ. ಕೊಡಿಸಿಬಿಡಿ" ಎಂದರು.

"ಯಾಕ್ರೀ, ವರ್ಷದ ಮಧ್ಯದಲ್ಲಿ?"

"ಏನೂ ಅಂತ ಗೊತ್ತಾಗ್ತಿಲ್ಲ ಮೇಷ್ಟ್ರೇ. ಸ್ಕೂಲಿಗೆ ಹೋಗಲ್ಲ ಅಂತ ಹಟ. ಬೆಳಿಗ್ಗೆ ಎದ್ದರೆ ಹೊಟ್ಟೆ ನೋವು ಅಂತಾಳೆ. ಡಾಕ್ಟರಿಗೆ ತೋರಿಸಿದೆ, ಏನೂ ಇಲ್ಲ ಅಂದ್ರು. ರಾತ್ರಿ ಮೊಬೈಲು ಸದ್ದು ಮಾಡಿದರೆ ಬೆಚ್ಚಿಬೀಳ್ತಾಳೆ."

ಕೊನೆಯ ಮಾತು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಸುಮಾರು ಆರು ವಾರಗಳ ಹಿಂದೆ ಅದೇ ಹುಡುಗಿ ನನ್ನ ಮೇಜಿನ ಬಳಿ ಬಂದು, "ಸರ್, ನನ್ನ ಫೋಟೊ ಇಟ್ಕೊಂಡು ಆಟ ಆಡಿಸ್ತಿದಾರೆ" ಎಂದಿದ್ದಳು. ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ತಲೆ ಎತ್ತದೆಯೇ, "ಅದನ್ನೆಲ್ಲ ತಲೆಗೆ ಹಚ್ಚಿಕೋಬೇಡಮ್ಮ, ಓದಿನ ಕಡೆ ಗಮನ ಕೊಡು" ಎಂದು ಕಳಿಸಿದ್ದೆ. ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳ ನಡುವೆಯೇ ಇರುವ ನನಗೆ ಅದು ಮಕ್ಕಳಾಟವಾಗಿ ಕಂಡಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ನಡೆದದ್ದು ಇಷ್ಟು. ಆಗಸ್ಟ್ 15ರಂದು ಧ್ವಜಾರೋಹಣದ ನಂತರ ಸಿಹಿ ಹಂಚಿದಾಗ, ಬಾಯಿ ತುಂಬ ಲಾಡು ತುಂಬಿಕೊಂಡಿದ್ದ ಗಳಿಗೆಯಲ್ಲಿ ಆಕೆಯ ಫೋಟೊವನ್ನು ಒಬ್ಬ ಹುಡುಗ ತೆಗೆದಿದ್ದ. ಅದನ್ನು ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿದ. ಒಂಬತ್ತನೇ ತರಗತಿಗೆ ಎರಡು ಗ್ರೂಪುಗಳಿದ್ದವು. ಒಂದು ಶಿಕ್ಷಕರಿದ್ದದ್ದು, ಇನ್ನೊಂದು ಶಿಕ್ಷಕರಿಲ್ಲದ್ದು. ಎರಡನೆಯದರಲ್ಲಿ ಯಾರು ಏನು ತಪ್ಪು ಹೇಳಿದರೂ ಉತ್ತರವಾಗಿ ಆ ಸ್ಟಿಕ್ಕರ್ ಬೀಳತೊಡಗಿತು. ತಿಂಗಳೊಳಗೆ ಆಕೆಯ ಹೆಸರಿನಲ್ಲೇ, ಅದೇ ಚಿತ್ರ ಹಾಕಿ, ಇನ್‌ಸ್ಟಾಗ್ರಾಮಿನಲ್ಲಿ ಒಂದು ಖಾತೆಯೂ ಹುಟ್ಟಿಕೊಂಡಿತು. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಪಾಠಕ್ಕೆಂದು ಅಪ್ಪ ಸಾಲ ಮಾಡಿ ಕೊಂಡದ್ದು. ರಾತ್ರಿ ಅಪ್ಪನ ಕೈಗೆ ಅದು ಹೋಗುವ ಮೊದಲು ಮಗಳು ಎಲ್ಲವನ್ನೂ ಅಳಿಸಿಬಿಡುತ್ತಿದ್ದಳು.

ಆ ಗ್ರೂಪಿನಲ್ಲಿ ಆಕೆಯೂ ಸೇರಿ 41 ಮಂದಿ. ಮುಂದೆ ನಾವು ವಿಚಾರಿಸಿದಾಗ ತಿಳಿದಂತೆ, ಸ್ಟಿಕ್ಕರ್ ಮಾಡಿ ಹರಡಿದವರು ಮೂವರು. ನಗುವ ಚಿಹ್ನೆ ಒತ್ತಿದವರು ಹನ್ನೆರಡು. ಉಳಿದ ಇಪ್ಪತ್ತೈದು ಮಂದಿ ಸುಮ್ಮನೆ ನೋಡಿದವರು. ಅವರಲ್ಲೊಬ್ಬಳು ಮಾತ್ರ ಬೇರೆಯಾಗಿ, "ಬೇಜಾರ್ ಮಾಡ್ಕೋಬೇಡ ಕಣೆ" ಎಂದು ಬರೆದಿದ್ದಳು. ಆದರೆ ಗ್ರೂಪಿನಲ್ಲಿ ಅವಳೂ ತುಟಿ ಬಿಚ್ಚಿರಲಿಲ್ಲ.

ಹುಡುಗಿ ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಸ್ಟಿಕ್ಕರ್ ಹಾಕಿದೋರ ಮೇಲೆ ಅಷ್ಟು ಸಿಟ್ಟಿಲ್ಲ ಸರ್. ಅವರು ಇರೋದೇ ಹಾಗೆ. ಉಳಿದೋರೆಲ್ಲ ನೋಡ್ಕೊಂಡು ಸುಮ್ಮನಿದ್ರಲ್ಲ, ಅದೇ."

ಹಳೆಯ ರೋಗ, ಹೊಸ ವಾಹಕ

ಗೇಲಿ, ಅಡ್ಡಹೆಸರು, ಚುಡಾಯಿಸುವುದು ನಮ್ಮ ಕಾಲದಲ್ಲಿ ಇರಲಿಲ್ಲವೇ ಎಂದು ಅನೇಕ ಪಾಲಕರು ಕೇಳುತ್ತಾರೆ. ಇತ್ತು. ಅದನ್ನು ವಿಜ್ಞಾನದ ವಿಷಯವಾಗಿ ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಪ್ರಮುಖರು ಡ್ಯಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು. 1970ರ ದಶಕದಲ್ಲೇ ಸ್ವೀಡನ್ ಮತ್ತು ನಾರ್ವೆಯ ಶಾಲೆಗಳಲ್ಲಿ ಅವರು ಈ ಕೆಲಸ ಆರಂಭಿಸಿದರು. 1982ರ ಕೊನೆಯಲ್ಲಿ ನಾರ್ವೆಯಲ್ಲಿ ಸಹಪಾಠಿಗಳ ಕಾಟ ತಾಳಲಾರದೆ ಮೂವರು ಬಾಲಕರು ಜೀವ ಕಳೆದುಕೊಂಡರೆಂಬ ಸುದ್ದಿ ದೇಶವನ್ನೇ ಕಲಕಿತು. ಮರುವರ್ಷ ಅಲ್ಲಿ ರಾಷ್ಟ್ರಮಟ್ಟದ ಆಂದೋಲನವೇ ನಡೆಯಿತು. ಬೆರ್ಗೆನ್ ನಗರದ 42 ಶಾಲೆಗಳಲ್ಲಿ ಓಲ್ವೇಯಸ್ ತಮ್ಮ ಕ್ರಮವನ್ನು ಅಳವಡಿಸಿ ಎರಡೂವರೆ ವರ್ಷ ಗಮನಿಸಿದಾಗ ಕಿರುಕುಳ ಸುಮಾರು ಅರ್ಧಕ್ಕೆ ಇಳಿದಿತ್ತು.

ತಮಾಷೆಗೂ ಕಿರುಕುಳಕ್ಕೂ ಗೆರೆ ಎಲ್ಲಿ? ಓಲ್ವೇಯಸ್ ಮೂರು ಲಕ್ಷಣ ಹೇಳಿದ್ದಾರೆ. ನೋಯಿಸುವ ಉದ್ದೇಶವಿರುವುದು, ಮತ್ತೆ ಮತ್ತೆ ನಡೆಯುವುದು, ಮತ್ತು ಇಬ್ಬರ ಬಲ ಸಮವಾಗಿಲ್ಲದಿರುವುದು. ಇಬ್ಬರು ಗೆಳೆಯರು ಪರಸ್ಪರ ಕಾಲೆಳೆದರೆ ಅದು ತಮಾಷೆ. ಹತ್ತು ಮಂದಿ ಒಬ್ಬನ ಕಾಲನ್ನೇ ದಿನವೂ ಎಳೆದರೆ ಅದು ಕಿರುಕುಳ.

ಹಾಗಾದರೆ ಮೊಬೈಲು ಬಂದ ಮೇಲೆ ಬದಲಾದದ್ದೇನು? ವಿಜ್ಞಾನದ ಮೇಷ್ಟ್ರಾದ್ದರಿಂದ ಶಬ್ದದ ಉದಾಹರಣೆಯಿಂದಲೇ ಹೇಳುತ್ತೇನೆ. ತೆರೆದ ಬಯಲಿನಲ್ಲಿ ಕೂಗಿದರೆ, ದೂರ ಎರಡು ಪಟ್ಟಾದಾಗ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ಆಟದ ಬಯಲಿನಲ್ಲಿ ಕೂಗಿದ ಅಡ್ಡಹೆಸರು ಕಾಂಪೌಂಡ್ ದಾಟುವಷ್ಟರಲ್ಲಿ ಸಾಯುತ್ತಿತ್ತು. ಜಾಲತಾಣಕ್ಕೆ ಹಾಕಿದ ಚಿತ್ರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ನೂರನೆಯವನ ಕೈಗೆ ಹೋದಾಗಲೂ ಅದು ಮೊದಲಿನಷ್ಟೇ ಸ್ಪಷ್ಟ.

ಲೆಕ್ಕ ಹಾಕಿ ನೋಡಿ. ವದಂತಿಗಳಿಂದ ಗುಂಪು ಹಲ್ಲೆಗಳು ನಡೆದ ಮೇಲೆ 2018ರಲ್ಲಿ ಭಾರತದಲ್ಲಿ ವಾಟ್ಸ್‌ಆ್ಯಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿ ತಂದಿತು. ಮಿತಿ ಒಳ್ಳೆಯದೇ. ಆದರೆ ಒಬ್ಬ ಐವರಿಗೆ, ಆ ಐವರಲ್ಲಿ ಪ್ರತಿಯೊಬ್ಬರೂ ಇನ್ನೈವರಿಗೆ ಕಳಿಸುತ್ತ ಹೋದರೆ ಐದನೇ ಹಂತಕ್ಕೆ ಅದು 3,125 ಜನರನ್ನು ಮುಟ್ಟುತ್ತದೆ. ಇಡೀ ಗ್ರೂಪು ಒಂದೇ ಕಡೆ ಎಂದು ಲೆಕ್ಕವಾಗುವುದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದು.

ಎರಡನೆಯ ಬದಲಾವಣೆ, ಮನೆಯೆಂಬ ಆಸರೆ ಹೋದದ್ದು. ಹಿಂದೆ ಕೊನೆಯ ಗಂಟೆ ಹೊಡೆದರೆ ಕಾಟವೂ ಮುಗಿಯುತ್ತಿತ್ತು. ಈಗ ಅದು ಶಾಲೆಯ ಚೀಲದೊಂದಿಗೇ ಮನೆಗೆ ಬಂದು ದಿಂಬಿನ ಪಕ್ಕದಲ್ಲಿ ಮಲಗುತ್ತದೆ.

ಮೂರನೆಯದು, ಎದುರಿನವನ ಮುಖ ಕಾಣದಿರುವುದು. ಕಣ್ಣಲ್ಲಿ ನೀರು ಕಂಡರೆ ಎಂಥ ತುಂಟನೂ ಒಂದು ಗಳಿಗೆ ತಡೆಯುತ್ತಾನೆ. ಪರದೆಯ ಹಿಂದೆ ಆ ತಡೆ ಇಲ್ಲ. ಎದುರೆದುರು ಆಡಲಾರದ ಮಾತನ್ನು ಜನ ಜಾಲದಲ್ಲಿ ಸಲೀಸಾಗಿ ಆಡುವುದೇಕೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ವಿವರಿಸಿದ್ದಾರೆ. ಹೆಸರು ಮರೆಸಿಕೊಳ್ಳಬಹುದು, ಮುಖ ತೋರಿಸಬೇಕಿಲ್ಲ, ಉತ್ತರವನ್ನು ಕೂಡಲೇ ಎದುರಿಸಬೇಕಿಲ್ಲ ಎಂಬಂಥ ಕಾರಣಗಳು ಸೇರಿ ಸಂಕೋಚದ ಕಟ್ಟೆ ಒಡೆಯುತ್ತದೆ.

ಹೊಟ್ಟೆ ನೋವು ನಾಟಕವಲ್ಲ

ಡಾಕ್ಟರು ಏನೂ ಇಲ್ಲ ಎಂದ ಮೇಲೆ ಮನೆಯವರು ಅದನ್ನು ನೆಪ ಎಂದುಕೊಳ್ಳುವುದು ಸಹಜ. ಆದರೆ ಈ ಪ್ರಯೋಗವನ್ನು ಕೇಳಿ. 2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನವೋಮಿ ಐಸನ್‌ಬರ್ಗರ್ ಮತ್ತು ಸಂಗಡಿಗರು ಕೆಲವರನ್ನು ಮಿದುಳು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಒಂದು ಕಂಪ್ಯೂಟರ್ ಆಟ ಆಡಿಸಿದರು. ಮೂವರು ಚೆಂಡು ಎಸೆದು ಹಿಡಿಯುವ ಸರಳ ಆಟ. ಸ್ವಲ್ಪ ಹೊತ್ತಿನ ನಂತರ ಉಳಿದ ಇಬ್ಬರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಆ ಇಬ್ಬರು ನಿಜಕ್ಕೂ ಮನುಷ್ಯರಲ್ಲ, ಕಂಪ್ಯೂಟರ್ ಅಷ್ಟೆ. ಆದರೂ ದೇಹದ ನೋವಿನ ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಭಾಗವೊಂದು ಹೊರಗಿಟ್ಟ ನೋವಿಗೂ ಚುರುಕಾಯಿತು.

ಯಾರೆಂದೇ ತಿಳಿಯದವರು ಚೆಂಡು ಕೊಡದಿದ್ದರೆ ಇಷ್ಟು ನೋವು. ದಿನವೂ ಪಕ್ಕದ ಬೆಂಚಿನಲ್ಲಿ ಕೂರುವವರು ಗ್ರೂಪಿನಿಂದ ಹೊರದಬ್ಬಿದರೆ, ಎಲ್ಲರೂ ಕೂಡಿ ನಕ್ಕರೆ ಹೇಗಿರಬೇಡ? ಮೇಲಾಗಿ ಹದಿಹರೆಯ ಎಂದರೆ ಗೆಳೆಯರ ಮೆಚ್ಚುಗೆಯೇ ಸರ್ವಸ್ವವಾದ ವಯಸ್ಸು. ದುಡುಕನ್ನು ತಡೆಯುವ, ಮುಂದಾಲೋಚನೆಗೆ ಬೇಕಾದ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯದಲ್ಲಿ. ಕಾಟ ಕೊಡುವ ಹುಡುಗನಿಗೂ ಅನುಭವಿಸುವ ಹುಡುಗಿಗೂ ಇದು ಅನ್ವಯಿಸುತ್ತದೆ.

ಹತ್ತು ಸೆಕೆಂಡಿನ ಧೈರ್ಯ

ಆ ಇಪ್ಪತ್ತೈದು ಮಂದಿಯ ವಿಷಯಕ್ಕೆ ಬರೋಣ. ಕೆನಡಾದ ಸಂಶೋಧಕರು ಮಕ್ಕಳಿಗೆ ತಂತಿರಹಿತ ಮೈಕ್ ಕಟ್ಟಿ, ದೂರದಿಂದ ಕ್ಯಾಮೆರಾ ಇಟ್ಟು, ಶಾಲೆಯ ಆಟದ ಬಯಲಿನಲ್ಲಿ ನಡೆಯುವ ಕಿರುಕುಳವನ್ನು ದಾಖಲಿಸಿದರು. 2001ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ 88 ಶೇಕಡಾ ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದದ್ದು ಬರೀ 19 ಶೇಕಡಾ ಪ್ರಸಂಗಗಳಲ್ಲಿ. ಆದರೆ ಹಾಗೆ ಮಧ್ಯೆ ಬಂದಾಗ, ಅರ್ಧಕ್ಕಿಂತ ಹೆಚ್ಚು, ಅಂದರೆ 57 ಶೇಕಡಾ ಸಲ ಕಿರುಕುಳ ಹತ್ತೇ ಸೆಕೆಂಡಿನಲ್ಲಿ ನಿಂತುಹೋಯಿತು!

ವಿದ್ಯಾರ್ಥಿಗಳೇ, ಈ ಸಂಖ್ಯೆಯನ್ನು ಮರೆಯಬೇಡಿ. "ಸಾಕು ಬಿಡ್ರೋ" ಎಂಬ ಎರಡು ಪದಕ್ಕೆ ಅಷ್ಟು ಶಕ್ತಿಯಿದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ಕಿವಾ ಎಂಬ ಕಾರ್ಯಕ್ರಮ ನಿಂತಿರುವುದೇ ಈ ತಳಹದಿಯ ಮೇಲೆ. ಕಾಟ ಕೊಡುವವನಿಗೆ ಬೇಕಾದದ್ದು ಪ್ರೇಕ್ಷಕರು. ಅವರು ಮುಖ ತಿರುಗಿಸಿದರೆ ಆಟಕ್ಕೆ ರುಚಿಯಿಲ್ಲ. ಗ್ರೂಪಿನಲ್ಲಿ ಬರೆಯಲು ಧೈರ್ಯವಿಲ್ಲವೇ? ನಗುವ ಚಿಹ್ನೆ ಒತ್ತಬೇಡಿ. ಮುಂದಕ್ಕೆ ಕಳಿಸಬೇಡಿ. ನೊಂದವಳ ಪಕ್ಕ ಹೋಗಿ ಕೂರಿ. ಒಬ್ಬ ಶಿಕ್ಷಕರಿಗೆ ಹೇಳಿ. ಅದು ಚಾಡಿ ಅಲ್ಲ. ಒಬ್ಬರನ್ನು ಸಿಕ್ಕಿಸಲು ಹೇಳುವುದು ಚಾಡಿ, ಒಬ್ಬರನ್ನು ಬಿಡಿಸಲು ಹೇಳುವುದು ನೆರವು.

ನನ್ನ ಎರಡನೆಯ ತಪ್ಪು

ಟಿ.ಸಿ. ಕೇಳಿದ ದಿನವೇ ನಾನು ಆ ಮೂವರನ್ನೂ ಹುಡುಗಿಯನ್ನೂ ಸ್ಟಾಫ್ ರೂಮಿಗೆ ಕರೆಸಿ, ಎದುರುಬದುರು ನಿಲ್ಲಿಸಿ, ಜೋರಾಗಿ ಗದರಿಸಿ, ಅವರಿಂದ ಕ್ಷಮೆ ಕೇಳಿಸಿದೆ. ಕೆಲಸವಾಯಿತೆಂದು ಬೀಗಿದೆ. ಅಂದು ರಾತ್ರಿಯೇ ಆಕೆಯನ್ನು ಬಿಟ್ಟು ಮತ್ತೊಂದು ಗ್ರೂಪು ಹುಟ್ಟಿತು. ಅದರ ಹೆಸರೇ ಆಕೆಯ ಅಡ್ಡಹೆಸರು.

ಬಲ ಸಮವಿಲ್ಲದವರನ್ನು ಎದುರುಬದುರು ನಿಲ್ಲಿಸಿ ರಾಜಿ ಮಾಡಿಸುವುದೆಂದರೆ ನೊಂದವರನ್ನು ಇನ್ನೊಮ್ಮೆ ಕಟಕಟೆಗೆ ಏರಿಸಿದಂತೆ ಎಂಬುದು ನನಗೆ ಆಗ ತಿಳಿಯಿತು. ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕೂರಿಸಿಕೊಂಡು ಬೇರೆ ದಾರಿ ಹಾಕಿಕೊಟ್ಟರು. ಮೂವರೊಂದಿಗೂ ಬೇರೆ ಬೇರೆಯಾಗಿ ಮಾತನಾಡಿದೆವು. ಅವರ ಪಾಲಕರನ್ನೂ ಬೇರೆ ಬೇರೆ ದಿನ ಕರೆಸಿದೆವು. ಸುಳ್ಳು ಖಾತೆಯನ್ನು ಅದನ್ನು ತೆರೆದ ಹುಡುಗನೇ ತಂದೆಯ ಎದುರು ಕುಳಿತು ಅಳಿಸಿದ. ಅವನು ಅಳುತ್ತ ಹೇಳಿದ್ದು, "ಎಲ್ಲರೂ ನಗ್ತಿದ್ರು ಸರ್, ಅದಕ್ಕೇ ಮಾಡ್ದೆ". ಆ ಇಪ್ಪತ್ತೈದು ಮಂದಿಯೊಂದಿಗೂ ಐದೈದು ಮಂದಿಯಂತೆ ಕೂತು ಮಾತಾಡಿದೆವು. ಯಾರನ್ನೂ ಬೈಯಲಿಲ್ಲ. ಆಕೆ ಹೇಳಿದ ಮಾತನ್ನು ಆಕೆಯ ಒಪ್ಪಿಗೆ ಪಡೆದು ತಿಳಿಸಿದೆವು, ಅಷ್ಟೆ. ವಾರದೊಳಗೆ ಹೊಸ ಗ್ರೂಪು ತಾನಾಗಿ ಬರಿದಾಯಿತು.

ಮಕ್ಕಳು ಏನು ಮಾಡಬೇಕು?

ಮೊದಲನೆಯದು, ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ನಿಮ್ಮ ಉತ್ತರವೇ ಅವರಿಗೆ ಬೇಕಾದ ಮೇವು. ಎರಡನೆಯದು, ಅಳಿಸಬೇಡಿ. ನಮ್ಮ ಹುಡುಗಿ ಎಲ್ಲವನ್ನೂ ಅಳಿಸಿದ್ದರಿಂದ ಸಾಕ್ಷ್ಯ ಕಲೆಹಾಕಲು ನಾವು ಹೆಣಗಬೇಕಾಯಿತು. ದಿನಾಂಕ, ಸಮಯ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮೂರನೆಯದು, ಆಮೇಲೆ ಬ್ಲಾಕ್ ಮಾಡಿ, ಆ ಖಾತೆಯನ್ನು ರಿಪೋರ್ಟ್ ಮಾಡಿ. ರಿಪೋರ್ಟ್ ಮಾಡಿದವರು ಯಾರೆಂಬುದನ್ನು ಜಾಲತಾಣ ಎದುರಿನವರಿಗೆ ಹೇಳುವುದಿಲ್ಲ. ನಾಲ್ಕನೆಯದು, ನಂಬಿಕೆಯ ಒಬ್ಬ ಹಿರಿಯರಿಗೆ ಅದೇ ದಿನ ಹೇಳಿ. ಅವರು ನನ್ನಂತೆ ತಲೆ ಎತ್ತದಿದ್ದರೆ ಇನ್ನೊಬ್ಬರ ಬಳಿ ಹೋಗಿ. ಕೇಳುವವರು ಸಿಗುವವರೆಗೂ ಹೇಳಿ.

ಮುನ್ನೆಚ್ಚರಿಕೆಗಳೂ ಇವೆ. ವಾಟ್ಸ್‌ಆ್ಯಪಿನಲ್ಲಿ ನಿಮ್ಮನ್ನು ಯಾರು ಗ್ರೂಪಿಗೆ ಸೇರಿಸಬಹುದೆಂಬುದನ್ನು ನೀವೇ ನಿರ್ಧರಿಸುವ ಸೌಲಭ್ಯ 2019ರಲ್ಲೇ ಬಂದಿದೆ. ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರಿನಲ್ಲಿ ಹದಿಹರೆಯದವರಿಗೆಂದೇ ಬೇರೆ ಬಗೆಯ ಖಾತೆ ಪ್ರಕಟಿಸಿತು. ಅದರಲ್ಲಿ ಖಾತೆ ಮೊದಲಿನಿಂದಲೇ ಖಾಸಗಿಯಾಗಿರುತ್ತದೆ, ಅಪರಿಚಿತರ ಸಂದೇಶಕ್ಕೆ ತಡೆಯಿರುತ್ತದೆ. ಆದರೆ ವಯಸ್ಸು ಸುಳ್ಳು ಹೇಳಿ ಸೇರಿದವರಿಗೆ ಈ ರಕ್ಷಣೆ ತಪ್ಪಿಹೋಗಬಹುದು. ಹುಟ್ಟಿದ ವರ್ಷ ತಿರುಚಿ ಖಾತೆ ತೆರೆಯುವುದು ಹೆಲ್ಮೆಟ್ಟನ್ನು ಮನೆಯಲ್ಲಿಟ್ಟು ಬೈಕ್ ಏರಿದಂತೆ. ಇನ್ನು ಪಾಸ್‌ವರ್ಡ್ ಪ್ರಾಣಸ್ನೇಹಿತರಿಗೂ ಬೇಡ. ಸ್ನೇಹ ಮುರಿದರೂ ಪಾಸ್‌ವರ್ಡ್ ನೆನಪಿರುತ್ತದೆ.

ಚಿತ್ರ ತೋರಿಸಿ ಹೆದರಿಸಿದರೆ

ಇದು ಗೇಲಿಗಿಂತ ಗಂಭೀರ. ಸ್ನೇಹದ ಸೋಗಿನಲ್ಲಿ ಖಾಸಗಿ ಚಿತ್ರ ಪಡೆದು, ಇಲ್ಲವೇ ಸಾಧಾರಣ ಚಿತ್ರವನ್ನೇ ತಿರುಚಿ, ಹಣ ಕೊಡು, ಇನ್ನಷ್ಟು ಚಿತ್ರ ಕಳಿಸು ಎಂದು ಬೆದರಿಸುವವರಿದ್ದಾರೆ. ಇಲ್ಲಿ ಗಂಡುಮಕ್ಕಳೂ ಬಲಿಯಾಗುತ್ತಾರೆ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಬೆಳೆಯುತ್ತದೆ. ಕೊಡಬೇಡಿ. ಅಪರಾಧ ಮಾಡಿದವನು ಅವನು, ನೀವಲ್ಲ.

ಇಂಥ ಚಿತ್ರ ಹರಡದಂತೆ ತಡೆಯಲು ಒಂದು ವೈಜ್ಞಾನಿಕ ಉಪಾಯವಿದೆ. 18ರೊಳಗೆ ತೆಗೆದ ಖಾಸಗಿ ಚಿತ್ರಗಳಿಗೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಅಮೆರಿಕದ ಸಂಸ್ಥೆಯೊಂದು ನಡೆಸುತ್ತದೆ. 18 ದಾಟಿದವರಿಗೆ 'ಸ್ಟಾಪ್ ಎನ್‌ಸಿಐಐ' ಎಂಬುದಿದೆ. ಬೇರೆ ದೇಶದವರೂ ಬಳಸಬಹುದು. ಇಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ನಿಮ್ಮ ಮೊಬೈಲಿನಲ್ಲೇ ಚಿತ್ರದಿಂದ ಒಂದು ಉದ್ದದ ಸಂಕೇತ ತಯಾರಾಗುತ್ತದೆ. ಅದು ಚಿತ್ರದ ಬೆರಳಚ್ಚಿದ್ದಂತೆ. ಬೆರಳಚ್ಚಿನಿಂದ ಮುಖ ಬಿಡಿಸಲಾಗದ ಹಾಗೆ, ಆ ಸಂಕೇತದಿಂದ ಚಿತ್ರವನ್ನು ಮರಳಿ ಪಡೆಯಲಾಗದು. ಸೇವೆಗೆ ಹೋಗುವುದು ಈ ಸಂಕೇತ ಮಾತ್ರ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಂಥ ತಾಣಗಳು ಅದನ್ನು ಇಟ್ಟುಕೊಂಡು, ಹೊಂದುವ ಚಿತ್ರ ಕಂಡರೆ ತಡೆಯುತ್ತವೆ.

ಒಂದು ಎಚ್ಚರಿಕೆ. ಸಾಕ್ಷ್ಯವೆಂದು ಮಗುವಿನ ಅಂಥ ಚಿತ್ರವನ್ನು ಶಿಕ್ಷಕರಿಗೋ ನೆಂಟರಿಗೋ ಕಳಿಸಬಾರದು. ಹಾಗೆ ಕಳಿಸುವುದೂ ಅಪರಾಧವಾದೀತು. ಮೊಬೈಲನ್ನೇ ಪೊಲೀಸರ ಕೈಗೆ ಕೊಡಿ.

ಕಾನೂನು ಏನು ಹೇಳುತ್ತದೆ?

ಜಾಲದಲ್ಲಿ ಬೈದರೆ 66ಎ ಪ್ರಕಾರ ಕೇಸು ಹಾಕಬಹುದೆಂದು ಹಲವರು ಇನ್ನೂ ನಂಬಿದ್ದಾರೆ. ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಬೇರೆ ಕಲಮುಗಳು ಇವೆ. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಗುರುತನ್ನು ಕದ್ದು ಬಳಸಿದರೆ (66ಸಿ) 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಲೈಂಗಿಕ ಚಿತ್ರಗಳನ್ನು ಹಂಚಿದರೆ (67ಬಿ) ಮೊದಲ ಸಲಕ್ಕೇ 5 ವರ್ಷದವರೆಗೆ ಸಜೆ, 10 ಲಕ್ಷದವರೆಗೆ ದಂಡ. ಲೈಂಗಿಕ ಉದ್ದೇಶದಿಂದ ಮಗುವನ್ನು ಜಾಲದಲ್ಲಿ ಬೆನ್ನು ಹತ್ತುವುದು 2012ರ ಪೋಕ್ಸೊ ಕಾಯ್ದೆಯ ಅಡಿ ಅಪರಾಧ. ಆ ಕಾಯ್ದೆಯಡಿ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ತಪ್ಪು. ಶಾಲೆಯ ಹೆಸರು ಕೆಡುತ್ತದೆ ಎನ್ನುವ ನನ್ನ ಸಹೋದ್ಯೋಗಿಗಳು ಇದನ್ನು ಗಮನಿಸಬೇಕು. ತಪ್ಪು ಮಾಡಿದವರು 18ರೊಳಗಿನವರಾದರೆ ಅವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಶಿಕ್ಷೆಗಿಂತ ತಿದ್ದುವುದೇ ಅಲ್ಲಿನ ಗುರಿ.

ಪಾಲಕರಲ್ಲಿ ಒಂದು ವಿನಂತಿ

ವಿಷಯ ತಿಳಿದ ಕೂಡಲೇ ಮೊಬೈಲು ಕಿತ್ತುಕೊಳ್ಳಬೇಡಿ. ಮಕ್ಕಳು ನಮ್ಮಿಂದ ಮುಚ್ಚಿಡುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ. ಜ್ವರ ಬಂದಿದೆ ಎಂದು ಹೇಳಿದ ಮಗುವಿಗೆ ಊಟ ನಿಲ್ಲಿಸಿದರೆ, ಮುಂದಿನ ಸಲ ಅದು ಜ್ವರವನ್ನೇ ಹೇಳುವುದಿಲ್ಲ. "ನೀನೇಕೆ ಫೋಟೊ ಹಾಕಿದೆ?" ಎಂಬುದು ಮೊದಲ ಪ್ರಶ್ನೆಯಾಗದಿರಲಿ. "ಹೇಳಿದ್ದು ಒಳ್ಳೆಯದಾಯಿತು, ಒಟ್ಟಿಗೆ ನೋಡೋಣ" ಎಂಬುದು ಮೊದಲ ಮಾತಾಗಲಿ.

ಊಟ ಸೇರದಿರುವುದು, ನಿದ್ದೆಗೆಡುವುದು, ಶಾಲೆ ಎಂದರೆ ಹಿಂಜರಿಕೆ, ಸಂದೇಶ ಬಂದೊಡನೆ ಮುಖ ಸಪ್ಪಗಾಗುವುದು, ಇವು ಗಮನಿಸಬೇಕಾದ ಗುರುತುಗಳು. ಬದುಕೇ ಬೇಡ ಎಂಬ ಮಾತು ಬಂದರಂತೂ ಅದನ್ನು ಹುಡುಗಾಟ ಎನ್ನದೆ ಮಗುವಿನ ಜೊತೆಯಲ್ಲೇ ಇದ್ದು ಕೂಡಲೇ ನೆರವು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲು, ಇಂಟರ್‌ನೆಟ್ ಬಳಕೆಯ ತೊಂದರೆಗಳಿಗೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗ ನಡೆದಿದೆ.

ಕಾಟ ಕೊಟ್ಟದ್ದು ನಿಮ್ಮ ಮಗನೇ ಎಂದು ತಿಳಿದರೆ? "ನಮ್ಮ ಹುಡುಗ ಅಂಥವನಲ್ಲ" ಎಂದು ಬಾಗಿಲು ಹಾಕಬೇಡಿ. ಬಡಿಯಲೂ ಬೇಡಿ. ಸುಳ್ಳು ಖಾತೆ ತೆರೆದ ಹುಡುಗನ ತಂದೆ ಅಂದು ಮಗನ ಪಕ್ಕದಲ್ಲೇ ಕೂತು, "ಅಳಿಸು, ಆಮೇಲೆ ಇದನ್ನ ಹೇಗೆ ಸರಿಮಾಡ್ತೀಯ ಹೇಳು" ಎಂದು ಕೇಳಿದರು. ಆ ಮಾತು ನನ್ನ ಗದರಿಕೆಗಿಂತ ಹೆಚ್ಚು ಕೆಲಸ ಮಾಡಿತು. ಇನ್ನೊಂದು ಮಾತು. ನಮ್ಮ ನಮ್ಮ ಕುಟುಂಬದ ಗ್ರೂಪುಗಳಲ್ಲಿ ಯಾರದೋ ಬಣ್ಣ, ಯಾರದೋ ಮೈಕಟ್ಟು ನೋಡಿ ನಗುವ ಚಿತ್ರಗಳನ್ನು ಹಂಚುವವರು ನಾವೇ ಅಲ್ಲವೇ? ಮಕ್ಕಳು ನಮ್ಮ ಮಾತು ಕೇಳುವುದಿಲ್ಲ, ನಮ್ಮ ಮೊಬೈಲು ನೋಡುತ್ತಾರೆ.

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನ ಮಕ್ಕಳು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ನಿರ್ಬಂಧ ಜಾರಿಗೆ ತಂದಿತು. ಕಾನೂನು ಬೇಲಿ ಹಾಕಬಲ್ಲದು. ಆದರೆ ಬೇಲಿಯೊಳಗೆ ಮಗು ನಂಬಿ ಹೇಳಿಕೊಳ್ಳುವ ಒಬ್ಬರಾದರೂ ಇರಬೇಕು. ಅದು ಮನೆಯ, ಶಾಲೆಯ ಕೆಲಸ.

ಆ ಹುಡುಗಿ ಅಂದು ಟಿ.ಸಿ. ಪಡೆಯಲಿಲ್ಲ. ನಮ್ಮಲ್ಲೇ ಹತ್ತನೇ ತರಗತಿ ಮುಗಿಸಿ 2024ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಆ ಬೇಸಿಗೆಯಲ್ಲಿ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಅದೇ ಚಪ್ಪಲಿ ಕಂಡವು. "ಮೇಷ್ಟ್ರೇ, ಮಗಳ ಟಿ.ಸಿ. ಬೇಕಿತ್ತು, ಕಾಲೇಜಿಗೆ" ಎಂದರು ಅವರ ತಂದೆ. ಹಿಂದೆ ನಿಂತಿದ್ದ ಮಗಳು ನಕ್ಕಳು. ಈ ಸಲ ಉತ್ತರಪತ್ರಿಕೆಗಳನ್ನು ಬದಿಗಿಟ್ಟು, ತಲೆ ಎತ್ತಿ ಮಾತಾಡಿಸಿದೆ.

ನೆರವಿಗೆ ಕರೆ ಮಾಡಿ

1098 – ಮಕ್ಕಳ ಸಹಾಯವಾಣಿ
1930 – ಸೈಬರ್ ಅಪರಾಧ ಸಹಾಯವಾಣಿ
112 – ತುರ್ತು ಪೊಲೀಸ್ ನೆರವು
14416 – ಟೆಲಿ ಮಾನಸ್, ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೂ ಮಾತನಾಡಬಹುದು.

ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ.